ಹಡಗಿದ್ದ ಗೋಡೆ

ಜಗಳ ಶುರುವಾದದ್ದು ಒಂದು ಹಡಗಿನ ವಿಷಯಕ್ಕೆ.

ಮನೆಯ ಕೊನೆಯ ಮಗಳನ್ನು ಎಲ್ಲರೂ ಚೂರು ಎಂದು ಕರೆಯುತ್ತಿದ್ದರು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳಂತೆ. ಅಣ್ಣ ಇಟ್ಟ ಹೆಸರು. ಅವಳು ಬೆಳೆದು ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆದಳು, ತಲೆಗೂದಲು ಅರ್ಧ ಬೆಳ್ಳಗಾಯಿತು, ಆದರೂ ಹೆಸರು ಬಿಡಲಿಲ್ಲ. ಹಳೇ ಕಾಗದ, ಬಸ್ ಟಿಕೆಟ್, ಬಟ್ಟೆಯ ತುಂಡು ಇವನ್ನೆಲ್ಲ ಹರಿದು, ಕತ್ತರಿಸಿ, ಹಲಗೆಯ ಮೇಲೆ ಅಂಟಿಸಿ ಕೊಲಾಜ್ ಚಿತ್ರ ಮಾಡುವುದು ಅವಳ ಹುಚ್ಚು. ಹೆಸರಿಗೆ ತಕ್ಕ ಕಸುಬು ಹಿಡಿದಿದ್ದೀಯ ಎಂದು ಅಣ್ಣ ಆಗಾಗ ಚುಡಾಯಿಸುತ್ತಿದ್ದ.

ಆ ವರ್ಷ ಊರಿನ ಕಲಾವಿದರೆಲ್ಲ ಸೇರಿ ಒಂದು ಪ್ರದರ್ಶನ ಏರ್ಪಡಿಸಿದ್ದರು. ಚೂರುವಿಗೂ ಒಂದಿಷ್ಟು ಜಾಗ ಕೊಟ್ಟಿದ್ದರು. ಚಿಕ್ಕಪುಟ್ಟವು ಸಾಕು, ಈ ಸಲ ಒಂದೇ ಒಂದು ದೊಡ್ಡದು ಮಾಡಬೇಕು ಅಂದುಕೊಂಡಳು. ಏನು ಮಾಡುವುದೆಂದು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ತಾವು ಮೂವರು ಬೆಳೆದ ಬಾಡಿಗೆ ಮನೆಯ ಅಡುಗೆಮನೆಯ ಗೋಡೆ ಎಷ್ಟೋ ವರ್ಷಗಳಿಂದ ಅವಳ ಮನಸ್ಸಿನಲ್ಲಿ ಕೂತಿತ್ತು.

ಸಾಲುಮನೆಗಳಲ್ಲಿ ಕೊನೆಯದು ಅದು. ಎರಡೇ ಕೋಣೆ. ಅಡುಗೆಮನೆಯ ಹಿಂಬದಿಯ ಗೋಡೆಗೆ ಸದಾ ತೇವ. ಕೈಯಿಟ್ಟರೆ ಸುಣ್ಣ ಹಿಟ್ಟಿನ ಹಾಗೆ ಉದುರುತ್ತಿತ್ತು. ಉದುರಿದ್ದು ನೇರ ಪಾತ್ರೆಗೇ ಬೀಳುತ್ತಿತ್ತು. ಅಪ್ಪ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುತ್ತಿದ್ದ. ಬಣ್ಣ ಕೂಡದೆ ಕೆಟ್ಟ ಹಾಳೆಗಳು, ಕತ್ತರಿಸದೇ ಉಳಿದ ಲೇಬಲ್ಲುಗಳು, ಓರೆಯಾಗಿ ಅಚ್ಚಾದ ಪಾಠಪುಸ್ತಕದ ಪುಟಗಳು ಅಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಅಪ್ಪ ಅವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ತರುತ್ತಿದ್ದ. ಅಮ್ಮ ಮೈದಾ ಹಿಟ್ಟು ಕುದಿಸಿ ಅಂಟು ಮಾಡಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ನೆಲದಿಂದ ಕೈಗೆಟಕುವವರೆಗೂ ಗೋಡೆಗೆ ಹಾಳೆ ಅಂಟಿಸುತ್ತಿದ್ದಳು. ಮಕ್ಕಳು ಮೂವರೂ ಅಕ್ಷರ ಕಲಿತದ್ದು ಆ ಗೋಡೆಯಿಂದ. ಊಟಕ್ಕೆ ಕೂತರೆ ಎದುರಿಗೆ ಓದಲು ಏನಾದರೂ ಇದ್ದೇ ಇರುತ್ತಿತ್ತು. ತಲೆಕೆಳಗಾಗಿ ಅಂಟಿದ್ದನ್ನು ಓದಲೆಂದು ಅಣ್ಣ ಕತ್ತು ವಾಲಿಸಿ ಕೂತು, ತಟ್ಟೆಯಲ್ಲಿದ್ದದ್ದನ್ನು ಮೈಮೇಲೆ ಚೆಲ್ಲಿಕೊಂಡು ಬೈಸಿಕೊಳ್ಳುತ್ತಿದ್ದನಂತೆ.

ಚೂರುವಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿದ್ದದ್ದು ಒಂದು ನೀಲಿ ಮಗು. ಕ್ಯಾಲೆಂಡರಿನ ಹಾಳೆ, ಬೇರೆ ಬಣ್ಣ ಹತ್ತದೆ ಬರೀ ನೀಲಿಯಲ್ಲಿ ಅಚ್ಚಾದ, ದುಂಡು ಮುಖದ, ನಗುವ ಮಗು. ಉಳಿದದ್ದನ್ನು ಕೇಳಿ ತಿಳಿದುಕೊಳ್ಳೋಣ ಎಂದು ಅಣ್ಣನಿಗೆ ಫೋನ್ ಮಾಡಿದಳು. ಅಣ್ಣನದು ಕನ್ನಡಕದ ಅಂಗಡಿ. ಯಾರದೋ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಲೇ, ಹಡಗು ಬಿಟ್ಟರೆ ಆ ಗೋಡೆಯಲ್ಲಿ ಇನ್ನೇನಿತ್ತು ಎಂದ. ಗೋಡೆ ತುಂಬುವಷ್ಟು ದೊಡ್ಡ ಹಡಗು, ಹೊಗೆ ಉಗುಳುವ ಕೊಳವೆಗಳು, ಕೆಳಗೆ ಅಲೆ. ಶಾಲೆಗೆ ಹೋಗಲು ಮನಸ್ಸಿಲ್ಲದ ದಿನ ಅದರಲ್ಲಿ ಕೂತು ಎಲ್ಲಿಗೋ ಹೊರಟುಬಿಡುತ್ತಿದ್ದೆ ಎಂದ. ನೀಲಿ ಮಗುವಿನ ನೆನಪೇ ಅವನಿಗಿರಲಿಲ್ಲ.

ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ಅವಳು ವಾರ್ಡಿಗೆ ಬಂದರೆ ರೋಗಿಗಳಿರಲಿ, ಡಾಕ್ಟರುಗಳೇ ಕಾಲು ನೀಡಿದ್ದರೆ ಮಡಚಿಕೊಳ್ಳುತ್ತಿದ್ದರು. ಹಡಗೂ ಇಲ್ಲ ಮಗುವೂ ಇಲ್ಲ, ಇದ್ದದ್ದು ಸೇತುವೆಯ ಮೇಲೆ ಹೋಗುವ ರೈಲು, ಅದರ ಕಿಟಕಿಯಲ್ಲಿ ಒಬ್ಬ ಹೆಂಗಸು ಕೈ ಬೀಸುತ್ತಿದ್ದಳು ಎಂದು ತೀರ್ಪು ಕೊಟ್ಟು ಫೋನ್ ಇಟ್ಟಳು.

ಆಮೇಲೆ ವಾರವಿಡೀ ಇದೇ ರಗಳೆ. ನಿನ್ನ ಕಣ್ಣನ್ನು ಒಮ್ಮೆ ನನ್ನ ಅಂಗಡಿಯಲ್ಲಿ ತೋರಿಸಿಕೋ ಎಂದು ಅಣ್ಣ; ನಿನ್ನ ತಲೆಯನ್ನು ಒಮ್ಮೆ ನಮ್ಮ ಆಸ್ಪತ್ರೆಯಲ್ಲಿ ತೋರಿಸಿಕೋ ಎಂದು ಅಕ್ಕ. ಇಬ್ಬರೂ ಚೂರುವಿಗೆ ಫೋನ್ ಮಾಡಿ ಇನ್ನೊಬ್ಬರ ಮೇಲೆ ದೂರು ಹೇಳುತ್ತಿದ್ದರು. ತಮಾಷೆಯಾಗಿ ಶುರುವಾದದ್ದು ಬರಬರುತ್ತ ಬಿಗಿಯಾಯಿತು. ತನ್ನ ಬಾಲ್ಯವನ್ನೇ ಯಾರೋ ಸುಳ್ಳು ಅಂದ ಹಾಗೆ ಇಬ್ಬರಿಗೂ ಸಿಟ್ಟು.

ಅಮ್ಮ ಅಕ್ಕನ ಮನೆಯಲ್ಲಿದ್ದಳು. ಭಾನುವಾರ ಮೂವರೂ ಅಲ್ಲಿ ಸೇರಿದಾಗ ಮತ್ತೆ ಹಡಗು ತೇಲಿತು, ರೈಲು ಓಡಿತು. ಅಮ್ಮ ಒಗೆದ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು. ಕೊನೆಗೆ ದಿಂಬಿನ ಚೀಲವೊಂದನ್ನು ಕೊಡವಿ, ಮೂರೂ ಇತ್ತು ಎಂದಳು.

ಮಳೆ ಬಂದು ಹೋದಮೇಲೆ ಕಾಗದ ಉಬ್ಬಿ ಕಪ್ಪಾಗುತ್ತಿತ್ತು, ಅದಕ್ಕೆ ವರ್ಷವರ್ಷವೂ ಮೇಲೊಂದು ಸುತ್ತು ಹೊಸದು ಅಂಟಿಸುತ್ತಿದ್ದೆ ಎಂದು ವಿವರಿಸಿದಳು. ಅಣ್ಣ ಹುಡುಗನಾಗಿದ್ದಾಗ ಹಡಗು. ಅವನು ಮನೆಯಲ್ಲಿ ನಿಲ್ಲದೆ ಬೀದಿಗೆ ಆಡಲು ಓಡುವಷ್ಟಾದಮೇಲೆ, ಅಕ್ಕ ಊಟಕ್ಕೆ ಹಟ ಮಾಡುವ ಕಾಲಕ್ಕೆ, ರೈಲು. ಚೂರುವಿನ ಹೊತ್ತಿಗೆ ಅವೆರಡೂ ಒಳಗೆ ಸೇರಿಹೋಗಿದ್ದವು.

"ಒಂದೇ ಮನೇಲಿ ಬೆಳೆದ್ರಿ ಅಂತ ಒಂದೇ ಗೋಡೆ ನೋಡಿದ್ರಾ?" ಎಂದಳು ಅಮ್ಮ. "ಇಷ್ಟು ದೊಡ್ಡವರಾಗಿ ಅಷ್ಟೂ ತಿಳೀಲಿಲ್ವಾ ನಿಮಗೆ?"

ಅಣ್ಣ ಜೋರಾಗಿ ನಕ್ಕ. ಅಕ್ಕನೂ ನಕ್ಕಳು, ಆದರೂ ರೈಲೇ ಚೆನ್ನಾಗಿತ್ತು ಎಂದಳು. ಚೂರು ಮಾತ್ರ ನಗಲಿಲ್ಲ. ಆ ನೀಲಿ ಮಗುವನ್ನು ಅಪ್ಪ ಯಾವಾಗ ತಂದದ್ದು ಎಂದು ಕೇಳಿದಳು.

ಅಪ್ಪ ತಂದದ್ದಲ್ಲ, ಅದು ಅವರು ಹೋದಮೇಲೆ ಎಂದಳು ಅಮ್ಮ. ಅಪ್ಪ ಜ್ವರವೆಂದು ಮಲಗಿದವನು ಏಳದೇ ಹೋದಮೇಲೆ ಪ್ರೆಸ್ಸಿನವರು ಅಮ್ಮನನ್ನು ಬೈಂಡಿಂಗ್ ಕೆಲಸಕ್ಕೆ ಹಾಕಿಕೊಂಡಿದ್ದರು. ಅಲ್ಲಿಂದಾಚೆಗೆ ಗೋಡೆಗೆ ಬಂದದ್ದೆಲ್ಲ ಅಮ್ಮನೇ ಆರಿಸಿ ತಂದ ಹಾಳೆಗಳು.

ನೀರು ಕುಡಿಯುವ ನೆಪ ಹೇಳಿ ಚೂರು ಒಳಗೆದ್ದು ಹೋದಳು. ಅಪ್ಪ ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು. ಅಣ್ಣನ ಬಳಿ ಅಪ್ಪನ ದನಿ ಇತ್ತು, ಅಕ್ಕನ ಬಳಿ ಅಪ್ಪನ ಭುಜದ ಮೇಲೆ ಕೂತು ಬೀದಿ ಸುತ್ತಿದ ನೆನಪಿತ್ತು. ತನಗೆ ನೀಲಿ ಮಗು ಇದೆಯಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಮಗಳು ಹುಟ್ಟಿದಳೆಂದು ಅಪ್ಪ ಆರಿಸಿ ತಂದದ್ದು ಎಂದು ತನಗೆ ತಾನೇ ಕಥೆ ಕಟ್ಟಿಕೊಂಡು, ಅದನ್ನೇ ಶಾಲೆಯ ಮಕ್ಕಳಿಗೂ ಹೇಳಿದ್ದಳು. ಈಗ ಅದೂ ಕೈಬಿಟ್ಟಿತು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಲೋಟ ತೆಗೆದು ತಾನೇ ನೀರು ತುಂಬಿಸಿ ಕೊಟ್ಟಳು.

ಆ ಸಾಲುಮನೆಗಳು ಇನ್ನೂ ಇವೆ ಎಂಬ ಸುದ್ದಿ ತಂದವನು ಅಣ್ಣ. ಕೊನೆಯ ಮನೆ ಹಾಸಿಗೆ ಅಂಗಡಿಯವನೊಬ್ಬನ ಗೋದಾಮಾಗಿದೆಯಂತೆ. ಅಮ್ಮನನ್ನೂ ಕರೆದುಕೊಂಡು ನಾಲ್ವರೂ ಹೊರಟರು. ಅಮ್ಮನಿಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಒದ್ದೆ ಗೋಡೆಯನ್ನು ನೋಡಲು ಇಷ್ಟು ದೂರ ಯಾಕೆ ಹೋಗಬೇಕು ಎಂದು ದಾರಿಯುದ್ದಕ್ಕೂ ಗೊಣಗಿದಳು.

ಹಾಸಿಗೆ ಅಂಗಡಿಯವನು ಮಾತಿನ ಮಲ್ಲ. ಹತ್ತಿ ಅವನ ಹುಬ್ಬಿನ ಮೇಲೂ ಕೂತಿತ್ತು. ಇವರು ಬಂದ ಕಾರಣ ಕೇಳಿ ಮೊದಲು ನಂಬಲಿಲ್ಲ, ಗೋಡೆಯೊಳಗೆ ಏನೋ ಬಚ್ಚಿಟ್ಟಿದ್ದಾರೆಂದು ಅನುಮಾನಪಟ್ಟ. ಅಮ್ಮನ ಮುಖ ನೋಡಿದಮೇಲೆ ಕುರ್ಚಿ ತಂದು ಹಾಕಿದ.

"ಆ ಗೋಡೆಗೆ ಒರಗಿಸಿದ ಹಾಸಿಗೆಯೆಲ್ಲ ಬೂಷ್ಟು ಹಿಡಿಯುತ್ತಮ್ಮಾ," ಎಂದ. "ನೀವು ಗೋಡೇನೇ ಕಿತ್ಕೊಂಡು ಹೋದ್ರೂ ನನಗೆ ಸಂತೋಷ."

ಮನೆ ಅವರು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದಿತ್ತು. ಒಲೆಯಿದ್ದ ಜಾಗದಲ್ಲಿ ದಿಂಬಿನ ಮೂಟೆಗಳು. ಕಿಟಕಿಯ ಸರಳು ಅದೇ. ಅದರಲ್ಲೊಂದು ಸ್ವಲ್ಪ ಬಾಗಿತ್ತು, ಬಾಗಿಸಿದವನು ತಾನೇ ಎಂದು ಅಣ್ಣ ಒಪ್ಪಿಕೊಂಡ. ಹಿಂಬದಿಯ ಗೋಡೆಗೆ ಯಾರೋ ಸುಣ್ಣ ಬಳಿದಿದ್ದರು. ಆದರೆ ಮೂಲೆಯಲ್ಲಿ ಅದು ಬಾಯಿಬಿಟ್ಟು, ಒಳಗೆ ಕಾಗದದ ಪದರಗಳು ರಟ್ಟಿನ ಹಾಗೆ ದಪ್ಪಗೆ ಕಾಣುತ್ತಿದ್ದವು.

ಚೂರು ಶಾಲೆಯಿಂದ ಬ್ಲೇಡು, ಅಗಲ ಬಾಯಿಯ ಚಾಕು ತಂದಿದ್ದಳು. ಅಕ್ಕ ತನ್ನ ಚೀಲದಿಂದ ಬ್ಯಾಂಡೇಜ್ ಬಟ್ಟೆ ಮತ್ತು ಚಿಮಟ ತೆಗೆದಳು. ಒದ್ದೆ ಬಟ್ಟೆಯನ್ನು ಗೋಡೆಗೆ ಒತ್ತಿ ಹಿಡಿದು, ನೆನೆದಮೇಲೆ ಅಂಚಿನಿಂದ ಮೆಲ್ಲಗೆ ಎಬ್ಬಿಸುವುದು. ಮೇಲೆ ಬೇರೆ ಬಾಡಿಗೆಯವರು ಅಂಟಿಸಿದ ಪೇಪರು. ಅದೂ, ಅಮ್ಮ ಕೊನೆಕೊನೆಗೆ ಅಂಟಿಸಿದ ಹಾಳೆಗಳೂ ಬೇಗ ಬಂದವು. ಅದರಡಿಯಲ್ಲಿ ನೀಲಿ ಮಗು. ಪೂರ್ತಿ ಇರಲಿಲ್ಲ. ಒಂದು ಕೆನ್ನೆ, ಒಂದು ಕಣ್ಣು, ನಗುವಿನ ಅರ್ಧ. ಉಳಿದದ್ದನ್ನು ಹುಳ ತಿಂದಿತ್ತು. ಚೂರು ಅದನ್ನು ಎತ್ತಿ, ತಂದಿದ್ದ ತಟ್ಟೆಯ ಮೇಲಿಟ್ಟಳು.

ಒಂದಷ್ಟು ಹೊತ್ತು ಪಾಠಪುಸ್ತಕದ ಪುಟಗಳು ಬಂದವು, ಅಣ್ಣ ಅವನ್ನು ಗಟ್ಟಿಯಾಗಿ ಓದಿದ. ಆಮೇಲೆ ರೈಲು. ಅಕ್ಕ ಹೇಳಿದ ಹಾಗೆಯೇ ಇತ್ತು: ಸೇತುವೆ, ಕಿಟಕಿ, ಕೈ ಬೀಸುವ ಹೆಂಗಸು. ಬಣ್ಣ ಕೂಡ ಮಾಸಿರಲಿಲ್ಲ. ನೋಡ್ರಪ್ಪ ಎನ್ನುವ ಹಾಗೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಣ್ಣ ಕೈಮುಗಿದ.

ಆದರೆ ಮುಂದಕ್ಕೆ ಹೋಗಬೇಕಾದರೆ ರೈಲನ್ನು ಕೀಳಬೇಕಿತ್ತು. ಹಾಳೆ ತೆಳ್ಳಗಿತ್ತು, ಅಂಟು ಗಟ್ಟಿಯಾಗಿತ್ತು. ಪೂರ್ತಿ ಬರುವುದಿಲ್ಲವೆಂದು ಚೂರುವಿಗೆ ನೋಡಿದೊಡನೆ ತಿಳಿಯಿತು. ಚಾಕು ಕೆಳಗಿಟ್ಟಳು.

"ಬಿಡು, ಸಾಕು," ಎಂದ ಅಣ್ಣ. "ಹಡಗು ಇತ್ತು ಅಂತ ಅಮ್ಮನೇ ಹೇಳಿದಾಳಲ್ಲ. ನನಗೆ ಅಷ್ಟು ಸಾಕು."

"ಅವಳಿಗೆ ಬೇಕಾಗಿರೋದು ನಿನ್ನ ಹಡಗಲ್ಲ ಕಣೋ," ಎಂದಳು ಅಕ್ಕ. "ಅಪ್ಪ ತಂದ ಹಾಳೆಗಳು ಇದರಡಿಯಲ್ಲಿ ಇನ್ನೂ ಎಷ್ಟೋ ಇವೆ."

ಹಾಗೆಂದು ಚಾಕು ತಾನೇ ಎತ್ತಿಕೊಂಡಳು. ಎಷ್ಟು ಗಾಯಗಳಿಂದ ಪಟ್ಟಿ ಬಿಡಿಸಿದ ಕೈಯೋ ಅದು. ನೀರು ಸವರಿ, ಕಾದು, ಚೂರುಚೂರೇ ಎಬ್ಬಿಸಿದಳು. ಸೇತುವೆಯ ನಡುವೆ ಬಂದಾಗ ಹಾಳೆ ಸರ್ರನೆ ಸೀಳಿತು. ಕೈ ಬೀಸುವ ಹೆಂಗಸು ಗೋಡೆಯ ತೇವದಲ್ಲಿ ಮುದ್ದೆಯಾಗಿ ಅಕ್ಕನ ಬೆರಳಿಗೆ ಹತ್ತಿಕೊಂಡಳು. ಅಕ್ಕ ಒಂದು ಕ್ಷಣ ಬೆರಳನ್ನೇ ನೋಡಿದಳು. ಮತ್ತೆ ಕೆಲಸಕ್ಕೆ ಬಗ್ಗಿದಳು.

ಹಡಗು ಕಂಡಿತು. ಒಂದಲ್ಲ, ರಾಶಿ ರಾಶಿ. ಕತ್ತರಿಸದೇ ಬಿಟ್ಟ ಸೋಪಿನ ಲೇಬಲ್ಲುಗಳ ಹಾಳೆ ಅದು. ಪ್ರತಿ ಲೇಬಲ್ಲಿನ ಮೂಲೆಯಲ್ಲೂ ಉಗುರಿನಷ್ಟು ದೊಡ್ಡ ಹಡಗು, ಎಳ್ಳಿನಷ್ಟು ಹೊಗೆ. ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದ.

"ಇಷ್ಟೇ ಇತ್ತಾ ಅಮ್ಮ ಇದು?"

"ನೀನು ಮೂಗನ್ನ ಗೋಡೆಗೆ ತಗಲಿಸ್ಕೊಂಡು ಕೂರ್ತಿದ್ದೆ," ಎಂದಳು ಅಮ್ಮ. "ದೊಡ್ಡದಾಗಿ ಕಾಣದೆ ಇನ್ನೇನು?"

ಕುರ್ಚಿಯಿಂದ ಎದ್ದು ಬಂದ ಅಮ್ಮ ಲೇಬಲ್ಲಿನ ಹಾಳೆಯ ಬಿಳಿ ಅಂಚನ್ನು ಬೆರಳಿಟ್ಟು ತೋರಿಸಿದಳು. ಅಲ್ಲಿ ಕಪ್ಪು ಮಸಿಯ ಗುರುತುಗಳಿದ್ದವು. ಹಾಳೆಯನ್ನು ಎತ್ತುವಾಗ ಹಿಡಿದ ಬೆರಳುಗಳು. ಒಂದು ಹೆಬ್ಬೆರಳು ಗೆರೆಗೆರೆಯಾಗಿ ಸ್ಪಷ್ಟವಾಗಿ ಬಿದ್ದಿತ್ತು. ನಿಮ್ಮಪ್ಪನ ಕೈಯದು, ಇನ್ಯಾರದ್ದು ಎಂದಳು. ಹಾಸಿಗೆ ಅಂಗಡಿಯವನು ಕೂಡ ಬಗ್ಗಿ ಇಣುಕಿ ನೋಡಿದ.

ಚೂರು ಉಸಿರು ಬಿಗಿಹಿಡಿದು ಅದರ ಸುತ್ತ ಬ್ಲೇಡು ಆಡಿಸಿದಳು. ಕಾಗದದ ಜೊತೆ ಗಾರೆಯೂ ಬಂತು, ಅಂಗೈಯಲ್ಲಿ ಬೀಳುತ್ತಲೇ ಪುಡಿಯಾಯಿತು. ಉಳಿದದ್ದು ಅಂಚೆಚೀಟಿಯಷ್ಟು ತುಂಡು, ಅದರಲ್ಲಿ ಒಂದಷ್ಟು ಬಾಗಿದ ಗೆರೆಗಳು. ಅಳು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಯಾವ ಮುಖಕ್ಕೆ ಈ ಬೆರಳನ್ನು ಜೋಡಿಸಬೇಕೆಂದೇ ಅವಳಿಗೆ ತಿಳಿಯದಾಗಿತ್ತು.

ಸಿಕ್ಕಿದ್ದನ್ನೆಲ್ಲ ಶಾಲೆಯ ಡ್ರಾಯಿಂಗ್ ರೂಮಿನಲ್ಲಿ ಪೇಪರುಗಳ ನಡುವೆ ಒತ್ತಿಟ್ಟು ಒಣಗಿಸಿದಳು. ಆಮೇಲಿನ ಎಷ್ಟೋ ಸಂಜೆಗಳು ಅಲ್ಲೇ ಕಳೆದವು. ಒಂದರ ಮೇಲೊಂದು ಅಂಟಿಸುವುದು, ಮೇಲಿನದನ್ನು ಅಲ್ಲಲ್ಲಿ ಕೆರೆದು ಕೆಳಗಿನದನ್ನು ತೋರಿಸುವುದು, ಸರಿಬರಲಿಲ್ಲವೆಂದು ಮತ್ತೆ ಕೀಳುವುದು. ಹಡಗಿನ ಸಾಲುಗಳು ಸೀಳಿದ ಸೇತುವೆಯ ಕೆಳಗೆ ಹಾದುಹೋದವು. ಅರ್ಧ ನಗುವಿನ ಮಗು ಒಂದು ಬದಿಗೆ ಸರಿಯಿತು. ಸರಿಯಾಗಿ ನಡುಮಧ್ಯದಲ್ಲಿ, ಚಿಕ್ಕ ಗಾಜಿನಡಿ, ಹೆಬ್ಬೆರಳಿನ ತುಂಡು.

ಮುಗಿಯುತ್ತ ಬಂದಾಗ ಅಮ್ಮನನ್ನು ಕರೆತಂದು ತೋರಿಸಿದಳು. ಅಮ್ಮ ಬೆಂಚಿನ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಅಂಟು ಚೆನ್ನಾಗಿ ಕುದಿಸಿಲ್ಲ, ಅಂಚು ಏಳುತ್ತಿದೆ ಎಂದಳು. ಆಮೇಲೆ ಗಾಜಿನ ಕಡೆ ಕೈ ತೋರಿಸಿ, ಅದನ್ನು ಯಾಕೆ ಹಾಗೆ ನಡುವೆ ಕೂರಿಸಿದ್ದೀಯ ಎಂದು ಕೇಳಿದಳು. ನನ್ನ ಹತ್ತಿರ ಅಪ್ಪನದು ಅಂತ ಇರುವುದು ಅದೊಂದೇ ಎಂದಳು ಚೂರು.

ಅಮ್ಮ ತಲೆಯಾಡಿಸಿದಳು.

"ಅದು ಮಸಿ ಕಣೇ. ನಿಮ್ಮಪ್ಪ ಪ್ರೆಸ್ಸಿಂದ ಬಂದವರು ಸೀಮೆಎಣ್ಣೇಲಿ ಒಂದ್ಸಲ, ಸೋಪಲ್ಲಿ ಎರಡು ಸಲ ಕೈ ತೊಳ್ಕೊಂಡು, ಉಗುರು ಸಂದಿ ಎಲ್ಲ ನನ್ನ ಹತ್ರ ತೋರಿಸಿ, ಆಮೇಲೆ ನಿನ್ನ ಎತ್ಕೊಳ್ತಿದ್ರು. ನಿನಗೆ ಮಸಿ ಹತ್ತಬಾರದು ಅಂತ. ತೊಳೆದ ಕೈಯ ಗುರುತು ಎಲ್ಲೂ ಬೀಳಲ್ಲ."

ಹೊರಗೆ ಆಟದ ಬಯಲಿನಲ್ಲಿ ಯಾರೋ ಚೆಂಡು ಒದೆಯುತ್ತಿದ್ದ ಸದ್ದು. ಈಗ ಬಂತು ಚೂರುವಿಗೆ ಅಳು, ಅವಳು ಕಾಯದೇ ಇದ್ದಾಗ. ಅಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಸ್ವಲ್ಪ ತಣ್ಣಗಾದಮೇಲೆ ಚೂರು, ಆ ನೀಲಿ ಮಗುವನ್ನೇ ಯಾಕೆ ಆರಿಸಿದೆ ಎಂದು ಕೇಳಿದಳು. ಕೆಲಸ ಮುಗಿಸಿ ಬರುವಷ್ಟರಲ್ಲಿ ನೀನು ಅತ್ತು ಅತ್ತು ಮುಖ ನೀಲಿ ಮಾಡಿಕೊಂಡಿರುತ್ತಿದ್ದೆ, ಇದೊಂದು ನಿನ್ನ ಜೋಡಿ ಎಂದು ತಂದೆ, ಅದನ್ನು ನೋಡಿ ಸುಮ್ಮನಾಗುತ್ತಿದ್ದೆ ಎಂದಳು ಅಮ್ಮ.

ಆ ರಾತ್ರಿಯೇ ಚೂರು ಗಾಜು ತೆಗೆದಳು. ಹೆಬ್ಬೆರಳಿನ ತುಂಡನ್ನು ಅದು ಮೊದಲಿದ್ದಲ್ಲಿಗೇ, ಹಡಗಿನ ಹಾಳೆಯ ಅಂಚಿಗೆ, ಅಂಟಿಸಿದಳು. ಹುಡುಕಿದರೆ ಸಿಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಡುವಿನ ಜಾಗವನ್ನು ಹಾಗೇ ಬಿಟ್ಟಳು.

ಪ್ರದರ್ಶನಕ್ಕೆ ಜನ ಬಂದರು. ಕೆಲವರು ನಿಂತು ನೋಡಿದರು, ಕೆಲವರು ಬಾಗಿಲ ಬಳಿಯ ಟೀ ಕುಡಿದು ಹೋದರು. ನಡುವೆ ಖಾಲಿ ಯಾಕೆ ಎಂದು ಕೇಳಿದವರಿಗೆ, ಕಾಗದ ಸಾಲಲಿಲ್ಲ ಎಂದು ಅಕ್ಕನೇ ಮುಂದೆ ನಿಂತು ಉತ್ತರ ಕೊಟ್ಟಳು. ಎಲ್ಲ ಮುಗಿದಮೇಲೆ ಚಿತ್ರ ಅಣ್ಣನ ಅಂಗಡಿಗೆ ಹೋಯಿತು. ಗಿರಾಕಿಗಳಿಗೆ ಹೊಸ ಕನ್ನಡಕ ಹಾಕಿಸಿ, ಅದರಲ್ಲಿನ ಪಾಠಪುಸ್ತಕದ ಸಾಲನ್ನು ದೂರದಿಂದ ಓದಿಸಿ ಪರೀಕ್ಷೆ ಮಾಡುವುದು ಅವನ ಅಭ್ಯಾಸವಾಯಿತು. ತೀರಾ ಸೂಕ್ಷ್ಮ ಕಣ್ಣಿನವರಿಗೆ ಹಡಗು ಎಣಿಸುವ ಕೆಲಸ. ಕಿಟಕಿಯ ಬಿಸಿಲು ಬಿದ್ದು ನೀಲಿ ದಿನೇದಿನೇ ತೆಳುವಾಗುತ್ತಿತ್ತು. ಜಾಗ ಬದಲಿಸಲೇ ಎಂದು ಅವನು ಕೇಳಿದಾಗ ಚೂರು ಬೇಡವೆಂದಳು. ಇರುವಷ್ಟು ದಿನ ಬೆಳಕಿನಲ್ಲಿರಲಿ.

ಮುಂದೆ ಒಂದು ಮಧ್ಯಾಹ್ನ ಅಮ್ಮನ ಕನ್ನಡಕ ಬದಲಾಯಿಸಲೆಂದು ಚೂರು ಅವಳನ್ನು ಅಲ್ಲಿಗೆ ಕರೆದೊಯ್ದಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಬಳಿ ಕೂತಿದ್ದ ಅಮ್ಮ, ಯಾರೂ ಕೇಳದೇ ಇದ್ದರೂ, ನಿಮ್ಮಪ್ಪನಿಗೆ ನಾಯಿ ಕಂಡರೆ ಪ್ರಾಣಭಯ ಎಂದು ಶುರುಮಾಡಿದಳು. ಪ್ರೆಸ್ಸಿನ ಬೀದಿಯಲ್ಲಿ ಒಂದು ನಾಯಿ ಇತ್ತಂತೆ, ಮುದಿ ನಾಯಿ, ಹಲ್ಲೂ ಇರಲಿಲ್ಲವಂತೆ. ಅದಕ್ಕೆ ಹೆದರಿ ದಿನಾ ಮೂರು ಬೀದಿ ಸುತ್ತಿಕೊಂಡು ಬರುತ್ತಿದ್ದರಂತೆ. ಕೇಳಿದರೆ ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಿದ್ದರಂತೆ. ಅಮ್ಮ ಹೇಳುತ್ತ ಹೇಳುತ್ತ ತಾನೇ ನಗತೊಡಗಿದಳು, ನಗು ಕೆಮ್ಮಾಯಿತು. ಚೂರು ಬೆನ್ನು ಸವರಿದಳು. ಅಪ್ಪ ನಿದ್ದೆಯಲ್ಲಿ ಮಾತಾಡುತ್ತಿದ್ದದ್ದು, ಸಿಳ್ಳೆ ಹಾಕಲು ಬಾರದೆ ಬರೀ ಗಾಳಿ ಊದುತ್ತಿದ್ದದ್ದು, ಒಂದರ ಹಿಂದೊಂದು ಬಂದವು. ಇಳಿಯಬೇಕಾದ ಸ್ಟಾಪು ಯಾವಾಗಲೋ ಹಿಂದೆ ಉಳಿದಿತ್ತು. ಚೂರು ಅದನ್ನು ನೋಡಿದ್ದಳು, ಏಳಲಿಲ್ಲ. ಇನ್ನೆರಡು ಸ್ಟಾಪು ಕಳೆದಮೇಲೆ ಇಬ್ಬರೂ ಇಳಿದು, ಅಮ್ಮನ ಕಾಲಿಗೆ ತಕ್ಕ ಹಾಗೆ ಮೆಲ್ಲಗೆ, ಮನೆಯ ಕಡೆ ನಡೆದರು.